ಮರು: ಸ್ಟೀರಿಯೋ ಸ್ಲೈಡ್ 'ಮೌಂಟಿಂಗ್', 'ಅಲೈನ್‌ಮೆಂಟ್', 'ವಿಂಡೋ' – ಕನ್ನಡದಲ್ಲಿ ಏನನ್ನಬೇಕು? (ತುರ್ತು)

> ಕೈಪಿಡಿ ನಾಳೆ ಬೆಳಗ್ಗೆ ಅಚ್ಚಿಗೆ ಹೋಗುತ್ತದೆ. ಈ ಮೂರಕ್ಕೆ ಪದ ಇವತ್ತೇ ಬೇಕು.

ಮೂರಕ್ಕೂ ಪದ ಇದೆ. (ಹೊಸಬರಿಗೆ: ಸ್ಟೀರಿಯೋ ಸ್ಲೈಡ್ ಅಂದರೆ ಎಡಗಣ್ಣಿಗೊಂದು, ಬಲಗಣ್ಣಿಗೊಂದು ಫಿಲ್ಮ್ ಚಿತ್ರವನ್ನು ಒಂದೇ ಫ್ರೇಮಿನಲ್ಲಿಟ್ಟದ್ದು. ಎರಡನ್ನೂ ಒಟ್ಟಿಗೆ ನೋಡಿದರೆ ದೃಶ್ಯದ ಆಳ ಕಾಣುತ್ತದೆ.) ಆದರೆ ನಿನ್ನೆಯಿಂದ ಬಂದ ಸಲಹೆಗಳಲ್ಲಿ ಮೌಂಟಿಂಗಿಗೆ 'ಆರೋಹಣ', ಅಲೈನ್‌ಮೆಂಟಿಗೆ 'ಪಂಕ್ತೀಕರಣ' ಎರಡನ್ನು ಮಾತ್ರ ದಯವಿಟ್ಟು ಹಾಕಬೇಡಿ. ಓದಿದವರಿಗೆ ಕೈಯಲ್ಲಿ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ.

'ಮೌಂಟ್' ಮಾಡುವುದಕ್ಕೆ 'ಕೂರಿಸು' ಸಾಕು. ಉಂಗುರಕ್ಕೆ ಹರಳು ಕೂರಿಸುತ್ತೇವೆ, ಫ್ರೇಮಿಗೆ ಫಿಲ್ಮ್ ತುಂಡು ಕೂರಿಸುತ್ತೇವೆ. ಯಾರೋ 'ಅಂಟಿಸು' ಅಂದಿದ್ದಾರೆ. ಅದು ಬೇಡ. ಅಂಟಿಸಿದರೆ ಕೆಲಸ ಮುಗಿಯಿತು ಅಂತ ಅರ್ಥ. ಕೂರಿಸುವುದರಲ್ಲಿ ಆಚೀಚೆ ಸರಿಸುವುದೂ, ಸರಿಯಾಗಿ ಕೂತಿದೆಯಾ ಅಂತ ನೋಡುವುದೂ ಸೇರಿದೆ. ಸ್ಟೀರಿಯೋ ಸ್ಲೈಡಿನಲ್ಲಿ ಕೆಲಸವೆಲ್ಲ ಇರುವುದು ಅಲ್ಲೇ ಅಲ್ವಾ?

'ಅಲೈನ್‌ಮೆಂಟ್'ಗೆ ಒಂದೇ ಪದ ಹುಡುಕುತ್ತಿರುವುದೇ ತಪ್ಪು ಅಂತ ನನಗನ್ನಿಸುತ್ತದೆ. ಅದು ಒಂದು ಕೆಲಸವಲ್ಲ, ಮೂರು. ಒಂದು ಚಿತ್ರ ಇನ್ನೊಂದಕ್ಕಿಂತ ಮೇಲೆ ಅಥವಾ ಕೆಳಗೆ ಕೂತಿದ್ದರೆ ಅದು 'ಏರುಪೇರು'. ತಿರುಚಿಕೊಂಡು ಕೂತಿದ್ದರೆ 'ಓರೆ'. ಎರಡರ ನಡುವೆ ಅಡ್ಡಕ್ಕೆ ಇರುವ ಅಳತೆ 'ಅಂತರ'. ಮೊದಲಿನ ಎರಡನ್ನು ತೆಗೆಯಬೇಕು, ಮೂರನೆಯದನ್ನು ಹೊಂದಿಸಬೇಕು. 'ಪಂಕ್ತೀಕರಣ' ಅಂದುಬಿಟ್ಟರೆ ಈ ವ್ಯತ್ಯಾಸ ಮಾಯ.

ಸುಮ್ನೆ ಹೇಳುತ್ತಿಲ್ಲ, ಲೆಕ್ಕ ನೋಡಿ. ಸುಮಾರು 23 ಮಿ.ಮೀ. ಅಗಲದ ಚಿತ್ರವನ್ನು 2.3 ಮೀಟರ್ ಅಗಲದ ಪರದೆಗೆ ಹಿಗ್ಗಿಸಿದರೆ 100 ಪಟ್ಟಾಯಿತು. ಫ್ರೇಮಿನಲ್ಲಿ 0.1 ಮಿ.ಮೀ. ಏರುಪೇರಾದರೆ ಪರದೆಯ ಮೇಲೆ 1 ಸೆಂ.ಮೀ. ಒಂದು ಕಣ್ಣು ಮೇಲೆ, ಇನ್ನೊಂದು ಕೆಳಗೆ ನೋಡುವುದು ನಮಗೆ ಹೆಚ್ಚುಕಡಿಮೆ ಆಗದ ಕೆಲಸ. ನೋಡುವವರಿಗೆ ತಲೆನೋವು ಗ್ಯಾರಂಟಿ. ಅಂತರದ ಕಥೆ ಬೇರೆ. ಅಡ್ಡಕ್ಕೆ ಎರಡೂ ಕಣ್ಣು ಒಟ್ಟಿಗೆ ಒಳಗೆ ಸುಲಭವಾಗಿ ತಿರುಗುತ್ತವೆ, ಒಟ್ಟಿಗೆ ಹೊರಗೆ ಹೆಚ್ಚುಕಡಿಮೆ ತಿರುಗುವುದಿಲ್ಲ. ಹಾಗಾಗಿ ತೀರಾ ದೂರದ ವಸ್ತುವಿನ ಎರಡು ಬಿಂಬಗಳು ಪರದೆಯ ಮೇಲೆ ನಮ್ಮ ಕಣ್ಣುಗಳ ನಡುವಿನ ಅಳತೆಯನ್ನು, ಅಂದರೆ ಸುಮಾರು 65 ಮಿ.ಮೀ. ದಾಟಬಾರದು. ಎರಡು ತಪ್ಪಿಗೂ ಒಂದೇ ಹೆಸರಿಟ್ಟರೆ ಯಾವುದನ್ನು ತಿದ್ದಬೇಕು ಅಂತ ಕೈಪಿಡಿ ಹೇಗೆ ಹೇಳುತ್ತದೆ?

ಇನ್ನು 'ವಿಂಡೋ'. ಇದಕ್ಕೆ 'ಕಿಟಕಿ' ಅನ್ನಿ. 'ಕಿಟಕಿ ಕನ್ನಡದ್ದಲ್ಲ, ಬೆಳಕಿಂಡಿ ಅನ್ನಿ' ಅಂತ ಮೂರು ಜನ ಬರೆದಿದ್ದಾರೆ. ಒಪ್ಪುವುದಿಲ್ಲ. ಬೆಳಕಿಂಡಿ ಇರುವುದು ಬೆಳಕು ಒಳಗೆ ಬರಲು, ಆಚೆ ನೋಡಲು ಅಲ್ಲ. ಸ್ಟೀರಿಯೋ ಚಿತ್ರದ ಅಂಚು ನಮಗೆ ಕಾಣುವುದು ನಿಜವಾದ ಕಿಟಕಿಯ ಹಾಗೆ, ದೃಶ್ಯ ಅದರ ಆಚೆ ಇರುತ್ತದೆ. ಮನೆಯ ಕಿಟಕಿಯ ಮುಂದೆ ನಿಂತು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಎಡಗಣ್ಣಿಗೆ ಬಲ ಅಂಚಿನ ಬಳಿ ಹೊರಗಿನದು ಸ್ವಲ್ಪ ಜಾಸ್ತಿ ಕಾಣುತ್ತದೆ, ಬಲಗಣ್ಣಿಗೆ ಎಡ ಅಂಚಿನ ಬಳಿ. ಕೂರಿಸಿದ ಸ್ಲೈಡಿನಲ್ಲೂ ಹೀಗೇ ಕಾಣಬೇಕು. ಕಾಣದಿದ್ದರೆ ದೃಶ್ಯ ಕಿಟಕಿಯನ್ನು ಸೀಳಿಕೊಂಡು ಮುಂದೆ ಬಂದಿದೆ ಅಂತ ಅರ್ಥ. ಎರಡು ತುಂಡುಗಳನ್ನು ಒಂದಿಷ್ಟು ದೂರ ಸರಿಸಿದರೆ ದೃಶ್ಯ ಹಿಂದೆ ಹೋಗುತ್ತದೆ.

'ಕಿಂಡಿ'ಯನ್ನು ಬಿಸಾಡಬೇಡಿ, ಅದಕ್ಕೆ ಬೇರೆ ಕೆಲಸ ಇದೆ. ಫ್ರೇಮಿನಲ್ಲಿ ಕತ್ತರಿಸಿರುವ ಎರಡು ಚೌಕ ತೂತುಗಳಿಗೆ 'ಕಿಂಡಿ' ಅನ್ನಿ. ಫ್ರೇಮಿನಲ್ಲಿ ಕಿಂಡಿ ಎರಡು, ನೋಡುವವರಿಗೆ ಕಾಣುವ ಕಿಟಕಿ ಒಂದೇ. ಇಂಗ್ಲಿಷಿನವರು ಎಷ್ಟೋ ಸಲ ಎರಡಕ್ಕೂ ವಿಂಡೋ ಅಂದು ಗೊಂದಲ ಮಾಡಿಕೊಳ್ಳುತ್ತಾರೆ. ನಮಗೆ ಆ ತೊಂದರೆ ಬೇಡ.

ಎರವಲು ಬೇಡ ಅನ್ನುವವರಿಗೆ ಒಂದು ಮಾತು. 'ಫ್ರೇಮ್ ಬೇಡ, ಚೌಕಟ್ಟು ಅಚ್ಚಗನ್ನಡ' ಅಂತ ವಾದಿಸುತ್ತಿದ್ದೀರಿ. ಮರಾಠಿಯ ಚೌಕಟ್, ಹಿಂದಿಯ ಚೌಖಟ್ ಕಣ್ಣಿಗೆ ಬಿದ್ದಿಲ್ಲವೇ? ಆ 'ಚೌ' ಬಂದದ್ದು ಸಂಸ್ಕೃತದ 'ಚತುರ್'ನಿಂದ, ಪ್ರಾಕೃತದ ದಾರಿಯಲ್ಲಿ. ನಾವು ಅದರಲ್ಲಿ ನಮ್ಮ 'ಕಟ್ಟು' ಕಂಡು ನಮ್ಮದು ಮಾಡಿಕೊಂಡೆವು. ಕಿಟಕಿಯೂ ಹಾಗೇ ಬಂದದ್ದು. ಬಂದ ಪದ ಬಾಯಲ್ಲಿ ಪಳಗಿ ಕೆಲಸ ಮಾಡುತ್ತಿದ್ದರೆ ಅದು ಕನ್ನಡವೇ. ಸ್ಲೈಡ್, ಫಿಲ್ಮ್, ಪ್ರೊಜೆಕ್ಟರ್ ಕೂಡ ಅಷ್ಟೇ.

'ಸ್ಟೀರಿಯೋ ಅಂದರೆ ಜೋಡಿ' ಅಂತ ಬರೆದಿರುವುದು ತಪ್ಪು. ಅದು ಗ್ರೀಕಿನ 'ಸ್ಟೆರೆಯೋಸ್', ಗಟ್ಟಿಯಾದದ್ದು, ಘನ ಅಂತ ಅರ್ಥ. ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಕನ್ನಡಿಗಳಿಟ್ಟು ಮಾಡಿದ ತನ್ನ ಸಾಧನಕ್ಕೆ ಸ್ಟೀರಿಯೋಸ್ಕೋಪ್ ಅಂದದ್ದು ಚಿತ್ರ ಘನವಾಗಿ ಕಾಣುತ್ತದೆ ಅಂತ. 'ಇಕ್ಕಣ್ಣು ಚಿತ್ರ' ಅನ್ನುವ ಸಲಹೆ ಅನುವಾದ ಅಲ್ಲ, ಆದರೂ ನನಗೆ ತುಂಬಾ ಇಷ್ಟವಾಯಿತು. ಇರ್ ಮತ್ತು ಕೆಲ ಸೇರಿ ಇಕ್ಕೆಲ, ಹಾಗೇ ಇರ್ ಮತ್ತು ಕಣ್ ಸೇರಿ ಇಕ್ಕಣ್. ಮುಕ್ಕಣ್ಣ ಇರುವಾಗ ಇಕ್ಕಣ್ಣು ಏಕೆ ಬೇಡ? 'ಇರುಗಣ್ಣು' ಎಂದು ತಿದ್ದಿದವರು ಇಕ್ಕೆಲವನ್ನೂ 'ಇರುಗೆಲ' ಅನ್ನುತ್ತಾರಾ? ಬೇರೆ ಬರಹಗಳಲ್ಲಿ ಖಂಡಿತ ಬಳಸೋಣ. ಈ ಕೈಪಿಡಿಯಲ್ಲಿ ಮಾತ್ರ ಸ್ಟೀರಿಯೋ ಇರಲಿ, ಕ್ಯಾಮೆರಾ ಮೇಲೂ ಡಬ್ಬದ ಮೇಲೂ ಅದೇ ಬರೆದಿದೆ.

ಕೊನೆಗೆ, ನೀವು ಕೇಳದ ಒಂದು ಪದ ಬೇಕೇ ಬೇಕಾಗುತ್ತದೆ. ಎರಡು ಲೆನ್ಸ್ ಇರುವ 'ರಿಯಲಿಸ್ಟ್' ಮಾದರಿಯ ಸ್ಟೀರಿಯೋ ಕ್ಯಾಮೆರಾದ ಫಿಲ್ಮ್ ಸುರುಳಿಯಲ್ಲಿ ಒಂದು ಜೋಡಿಯ ಎರಡು ಚಿತ್ರಗಳು ಪಕ್ಕಪಕ್ಕ ಇರುವುದಿಲ್ಲ. ನಡುವೆ ಬೇರೆ ಜೋಡಿಗಳ ಎರಡು ಚಿತ್ರ ಇರುತ್ತವೆ. ಅಂದರೆ 1ನೆಯದಕ್ಕೆ ಜೋಡಿ 4ನೆಯದು. ಜೊತೆಗೆ, ಲೆನ್ಸ್ ಚಿತ್ರವನ್ನು ತಲೆಕೆಳಗಾಗಿ ಮೂಡಿಸುವುದರಿಂದ ಸುರುಳಿಯನ್ನು ನೆಟ್ಟಗೆ ಹಿಡಿದಾಗ ಎಡಗಣ್ಣಿನ ಚಿತ್ರ ಬಲಕ್ಕೆ ಬಂದಿರುತ್ತದೆ. ಕತ್ತರಿಸಿ ಜಾಗ ಬದಲಾಯಿಸದೆ ಕೂರಿಸಿದರೆ ಹತ್ತಿರದ್ದು ದೂರವಾಗಿ, ದೂರದ್ದು ಹತ್ತಿರವಾಗಿ ಕಾಣುತ್ತದೆ. ಇದಕ್ಕೆ 'ಮಿಥ್ಯಾತ್ರಿವಿಮ' ಎಂದೆಲ್ಲ ಬೇಡ. 'ಅದಲುಬದಲು' ಅಂದರೆ ಎಲ್ಲರಿಗೂ ತಿಳಿಯುತ್ತದೆ, ಮಾಡಬೇಕಾದ ರಿಪೇರಿಯೂ ಅದರಲ್ಲೇ ಇದೆ.

ಅಚ್ಚಿಗೆ ಹೀಗೆ ಹಾಕಿ:

ಎಡ, ಬಲ ತುಂಡುಗಳು ಅದಲುಬದಲಾಗದಂತೆ ಫ್ರೇಮಿನ ಎರಡು ಕಿಂಡಿಗಳಲ್ಲಿ ಕೂರಿಸಿ. ಮೊದಲು ಓರೆ, ಆಮೇಲೆ ಏರುಪೇರು ತೆಗೆಯಿರಿ. ಎಲ್ಲಕ್ಕಿಂತ ಹತ್ತಿರದ ವಸ್ತು ಕಿಟಕಿಗಿಂತ ಹಿಂದೆ ನಿಲ್ಲುವಂತೆ ಅಂತರ ಹೊಂದಿಸಿ.