ಹಳೆಯ ಪಿಕಪ್‌ನ ಹೀಟರ್ ಕೋರ್ ಬದಲಿಸಿದವರು ಇದ್ದೀರಾ? ಮುಳ್ಳೇರಿಯದಿಂದ ಒಂದು ಪ್ರಶ್ನೆ, ಮತ್ತು ಬಂದ ಉತ್ತರಗಳು

ಪ್ರಶ್ನೆ (ಮುಳ್ಳೇರಿಯದ ಕೃಷಿಕರು)

ನನ್ನಲ್ಲಿ 2006ನೇ ಇಸವಿಯ ಡೀಸೆಲ್ ಪಿಕಪ್ ಇದೆ. ಎ.ಸಿ. ಇಲ್ಲ, ಹೀಟರ್ ಮಾತ್ರ ಇದೆ. ಅಡಿಕೆ, ತೆಂಗಿನಕಾಯಿ, ಕೆಲವೊಮ್ಮೆ ರಬ್ಬರ್ ಶೀಟು ಹೇರಿಕೊಂಡು ಜಾಲ್ಸೂರು ದಾರಿಯಾಗಿ ಸುಳ್ಯಕ್ಕೂ, ತಿಂಗಳಿಗೊಮ್ಮೆ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೂ ಹೋಗುತ್ತೇನೆ. ಎರಡು ತಿಂಗಳಿಂದ ಎಡಬದಿಯ ಸೀಟಿನ ಮುಂದಿನ ಮ್ಯಾಟ್ ಒದ್ದೆಯಾಗುತ್ತಿದೆ, ವಾರಕ್ಕೆ ಅರ್ಧ ಲೀಟರಿನಷ್ಟು ನೀರನ್ನು ರೇಡಿಯೇಟರಿಗೆ ತುಂಬಬೇಕಾಗುತ್ತಿದೆ, ಮುಂದಿನ ಗಾಜಿನ ಒಳಮೈಗೆ ಎಣ್ಣೆ ಸವರಿದಂತಹ ಪೊರೆ ಕಟ್ಟುತ್ತಿದೆ. ಗ್ಯಾರೇಜಿನವರು ಹೀಟರ್ ಕೋರ್ (ಇಂಜಿನ್‌ನ ಬಿಸಿನೀರು ಹರಿದು ಕ್ಯಾಬಿನ್ನಿನ ಗಾಳಿಯನ್ನು ಬಿಸಿ ಮಾಡುವ, ಡ್ಯಾಶ್‌ಬೋರ್ಡಿನ ಹಿಂದಿನ ಸಣ್ಣ ರೇಡಿಯೇಟರ್) ತೂತಾಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು ಎಂದರು. ಅದೇ ಬಾಯಲ್ಲಿ, ಈ ಊರಿನಲ್ಲಿ ಹೀಟರ್ ಯಾರಿಗೆ ಬೇಕು, ಅದಕ್ಕೆ ನೀರು ಹೋಗಿ ಬರುವ ಎರಡೂ ಪೈಪುಗಳನ್ನು ಒಂದಕ್ಕೊಂದು ಜೋಡಿಸಿಬಿಡೋಣ ಎಂದೂ ಹೇಳಿದರು. ಯಾವುದು ಸರಿ? ಸ್ವತಃ ಮಾಡಿದವರಿದ್ದರೆ ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ 1 (ಪೆರ್ಲದ ನಿವೃತ್ತ ಅಧ್ಯಾಪಕರು)

ಎರಡು ವರ್ಷಗಳ ಹಿಂದೆ ನಮ್ಮ ಮನೆಯ ಪಿಕಪ್‌ಗೆ ಈ ಕೆಲಸವನ್ನು ನಾನೇ ಮಾಡಿದೆ. ಮೂರು ಭಾನುವಾರ ಹಿಡಿಯಿತು. ಅದರಲ್ಲಿ ಒಂದೂವರೆ ಭಾನುವಾರವು ನನ್ನದೇ ಅವಸರದಿಂದಾದ ತಪ್ಪುಗಳನ್ನು ಸರಿಪಡಿಸುವುದಕ್ಕೆ ಹೋಯಿತಾದ್ದರಿಂದ, ಆ ತಪ್ಪುಗಳನ್ನೇ ಮುಖ್ಯವಾಗಿ ಬರೆಯುತ್ತೇನೆ.

ಬಿಚ್ಚುವ ಮೊದಲು, ಸೋರುತ್ತಿರುವುದು ಹೀಟರ್ ಕೋರ್ ಹೌದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಆ ಮ್ಯಾಟ್ ಒದ್ದೆಯಾಗಲು ಮಳೆನೀರೂ ಕಾರಣವಾಗಬಹುದು. ಮುಂದಿನ ಗಾಜಿನ ಕೆಳಗೆ, ವೈಪರ್‌ನ ಬುಡದಲ್ಲಿ ನೀರು ಹರಿದುಹೋಗಲೆಂದು ಇರುವ ರಂಧ್ರಗಳು ತರಗೆಲೆಯಿಂದ ಕಟ್ಟಿಕೊಂಡರೆ ನೀರು ಬ್ಲೋವರ್‌ನ (ಕ್ಯಾಬಿನ್ನಿಗೆ ಗಾಳಿ ಊದುವ ಫ್ಯಾನಿನ) ದಾರಿಯಲ್ಲಿ ಒಳಗೆ ಬರುತ್ತದೆ. ಮರದಡಿಯಲ್ಲಿ ಗಾಡಿ ನಿಲ್ಲಿಸುವ ನಮ್ಮಂತಹವರಿಗೆ ಇದು ಹೊಸದಲ್ಲ. ಅದು ಕೂಲಂಟ್, ಅಂದರೆ ಇಂಜಿನ್ ತಣಿಸುವ ಬಣ್ಣದ ದ್ರವ, ಆಗಿದ್ದರೆ ಬಿಳಿಯ ಬಟ್ಟೆಯಲ್ಲಿ ಒರೆಸಿದಾಗ ಬಣ್ಣ ಕಾಣಿಸುತ್ತದೆ, ಬೆರಳಿಗೆ ಜಾರುತ್ತದೆ, ಸಿಹಿಯಾದ ವಾಸನೆ ಬರುತ್ತದೆ. ಆದರೆ ನೀವು ಎರಡು ತಿಂಗಳಿಂದ ಬರಿಯ ನೀರನ್ನೇ ತುಂಬುತ್ತಾ ಬಂದಿರುವುದರಿಂದ ಈಗ ಬಣ್ಣವೂ ವಾಸನೆಯೂ ತೆಳುವಾಗಿರುತ್ತವೆ, ಅವನ್ನು ನಂಬುವಂತಿಲ್ಲ. ಗಾಜಿನ ಮೇಲಿನ ಪೊರೆಯೇ ನಿಮ್ಮ ಮಟ್ಟಿಗೆ ಬಲವಾದ ಸಾಕ್ಷಿ, ಏಕೆಂದರೆ ಮಳೆನೀರಿನಿಂದ ಅಂತಹ ಜಿಡ್ಡು ಕಟ್ಟುವುದಿಲ್ಲ.

ಸಂದೇಹ ಪೂರ್ತಿ ಪರಿಹಾರವಾಗಬೇಕಾದರೆ ಪ್ರೆಶರ್ ಪರೀಕ್ಷೆ ಮಾಡಬೇಕು. ರೇಡಿಯೇಟರ್‌ನ ಮುಚ್ಚಳದ ಜಾಗಕ್ಕೆ ಕೂರಿಸುವ, ಮೀಟರ್ ಇರುವ ಒಂದು ಕೈಪಂಪು ಬರುತ್ತದೆ. ಇಂಜಿನ್ ಪೂರ್ತಿ ತಣ್ಣಗಿರುವಾಗ, ಮುಚ್ಚಳದ ಮೇಲೆ ಅಚ್ಚಾಗಿರುವ ಒತ್ತಡದಷ್ಟೇ, ನನ್ನ ಗಾಡಿಯಲ್ಲಿ ಅದು 0.9 ಬಾರ್, ಗಾಳಿ ತುಂಬಿ ಮುಳ್ಳನ್ನು ನೋಡುತ್ತಾ ಕುಳಿತುಕೊಳ್ಳಬೇಕು. ನನ್ನಲ್ಲಿ ಹತ್ತು ನಿಮಿಷದೊಳಗೆ ಮುಳ್ಳು ಇಳಿಯಿತು, ಇಂಜಿನ್‌ನ ಅಡಿಯಲ್ಲಿ ಮಾತ್ರ ಒಂದು ತೊಟ್ಟೂ ಬೀಳಲಿಲ್ಲ. ಆಮೇಲೆ ಹೀಟರ್‌ಗೆ ಹೋಗುವ ಎರಡೂ ರಬ್ಬರ್ ಪೈಪುಗಳನ್ನು ಮರದ ತುಂಡುಗಳ ನಡುವೆ ಒತ್ತಿ ಬಿಗಿದು ಮತ್ತೆ ಪಂಪು ಹೊಡೆದೆ. ಮುಳ್ಳು ನಿಂತಲ್ಲಿಯೇ ನಿಂತಿತು. ಸೋರಿಕೆ ಆ ಎರಡು ಪೈಪುಗಳ ಆಚೆಗೇ ಇದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಪಂಪು ನನ್ನಲ್ಲಿದೆ, ಬದಿಯಡ್ಕದ ಕಡೆ ಬರುವವರ ಕೈಯಲ್ಲಿ ಕಳುಹಿಸುತ್ತೇನೆ.

ಬಿಚ್ಚುವ ಕ್ರಮ ಒಂದೊಂದು ಗಾಡಿಗೆ ಒಂದೊಂದು ರೀತಿ ಇರುತ್ತದೆ. ನನ್ನದರಲ್ಲಿ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕಾಗಲಿಲ್ಲ. ಗ್ಲೋವ್ ಬಾಕ್ಸ್, ಅದರ ಹಿಂದಿನ ಕಬ್ಬಿಣದ ಪಟ್ಟಿ ಮತ್ತು ಬ್ಲೋವರ್‌ಗಳನ್ನು ತೆಗೆದಾಗ ಹೀಟರ್ ಪೆಟ್ಟಿಗೆ ಕೈಗೆ ಸಿಕ್ಕಿತು. ಆದ್ದರಿಂದ ಗ್ಯಾರೇಜಿನವರ ಮಾತನ್ನು ಒಪ್ಪಿಕೊಳ್ಳುವ ಮೊದಲು ಗ್ಲೋವ್ ಬಾಕ್ಸ್ ಒಂದನ್ನು ತೆಗೆದು ಟಾರ್ಚ್ ಹಾಕಿ ನೋಡಿ. ಎ.ಸಿ. ಇರುವ ಗಾಡಿಯಾಗಿದ್ದರೆ ಕೂಲಿಂಗ್ ಕಾಯಿಲ್ ಕೂಡ ಬಹುಮಟ್ಟಿಗೆ ಅದೇ ಪೆಟ್ಟಿಗೆಯಲ್ಲಿ ಇರುತ್ತದಾದ್ದರಿಂದ ಗ್ಯಾಸ್ ತೆಗೆಸುವ ಕೆಲಸ ಬೇರೆ ಸೇರುತ್ತಿತ್ತು. ನಿಮಗೆ ಆ ತೊಂದರೆ ಇಲ್ಲ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲೇ ಕಳಚಿಡಿ. ಪ್ರತಿ ಹಂತದಲ್ಲಿಯೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಸ್ಕ್ರೂಗಳನ್ನು ಒಂದೇ ಡಬ್ಬಿಗೆ ಹಾಕುವ ಬದಲು, ರಟ್ಟಿನ ಮೇಲೆ ಡ್ಯಾಶ್‌ಬೋರ್ಡಿನ ಆಕಾರ ಬರೆದು ಅವುಗಳನ್ನು ಅವುಗಳ ಸ್ಥಾನದಲ್ಲೇ ಚುಚ್ಚಿಟ್ಟರೆ, ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋಗಿ ಹಿಂದಿನ ವೈರನ್ನು ತೂತು ಮಾಡುವ ಅನಾಹುತ ತಪ್ಪುತ್ತದೆ.

ನನ್ನ ದೊಡ್ಡ ತಪ್ಪು ಪೈಪು ಬಿಡಿಸುವುದರಲ್ಲಿ ಆಯಿತು. ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆಯಿಂದ ಹೊರಗೆ ಚಾಚಿರುವ ಎರಡು ಹಿತ್ತಾಳೆಯ ಕೊಳವೆಗಳಿಗೆ ರಬ್ಬರ್ ಪೈಪುಗಳು ವರ್ಷಗಟ್ಟಲೆ ಅಂಟಿಕೊಂಡಿರುತ್ತವೆ. ನಾನು ಇಕ್ಕಳದಿಂದ ತಿರುಚಿ ಎಳೆದೆ, ಕೊಳವೆಯ ಕುತ್ತಿಗೆಯೇ ಮುರಿಯಿತು. ಬೆಸುಗೆ ಹಾಕಿಸಿ ಉಳಿಸಿಕೊಳ್ಳಬಹುದಾಗಿದ್ದ ಕೋರ್ ಹಾಗೆ ಕೈತಪ್ಪಿತು. ಪೈಪು ಹೇಗಿದ್ದರೂ ಹಳತಾಗಿರುತ್ತದೆ, ಅದರ ತುದಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ, ಹೊಸ ಪೈಪು ಹಾಕಿ.

ಕೋರ್ ಹೊರತೆಗೆಯುವಾಗ ಅದರೊಳಗೆ ಉಳಿದಿರುವ ದ್ರವವೆಲ್ಲ ಕ್ಯಾಬಿನ್ನಿಗೆ ಚೆಲ್ಲುತ್ತದೆ. ನಾನು ಒಂದು ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ ದೋಣಿಯಂತೆ ಮಡಚಿ ಅಡಿಗೆ ಇಟ್ಟೆ. ಇಷ್ಟು ಇಕ್ಕಟ್ಟಿನ ಜಾಗಕ್ಕೆ ಬೇರೆ ಯಾವ ಪಾತ್ರೆಯೂ ಹೋಗುವುದಿಲ್ಲ. ಆ ದ್ರವವನ್ನು ಅಂಗಳಕ್ಕೆ ಚೆಲ್ಲಬೇಡಿ. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನಾಯಿ, ಬೆಕ್ಕು, ದನಗಳು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ.

ಪೆಟ್ಟಿಗೆಯ ಒಳಗೆ ಕೋರ್‌ನ ಸುತ್ತ ಸ್ಪಂಜಿನ ಪಟ್ಟಿ ಇರುತ್ತದೆ. ನನ್ನದರಲ್ಲಿ ಅದು ಪುಡಿಯಾಗಿ, ಇಲಿಯೊಂದು ಅದಕ್ಕೆ ಗೋಣಿನಾರು ಸೇರಿಸಿ ಗೂಡು ಮಾಡಿತ್ತು. ಸ್ಪಂಜು ಇಲ್ಲದೆ ಹೊಸ ಕೋರ್ ಕೂರಿಸಿದರೆ ಗಾಳಿ ಅದರ ಮೂಲಕ ಹೋಗದೆ ಪಕ್ಕದಿಂದ ನುಸುಳಿ ಹೋಗುತ್ತದೆ. ಇಷ್ಟೆಲ್ಲ ಕೆಲಸ ಮಾಡಿಯೂ ಗಾಳಿ ಉಗುರುಬೆಚ್ಚಗೆ ಬರುತ್ತದೆ.

ಕೋರ್ ಯಾಕೆ ಹಾಳಾಯಿತು ಎಂಬುದನ್ನು ಕಂಡುಕೊಳ್ಳದೆ ಹೊಸದನ್ನು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ನಮ್ಮ ಕಡೆಯವರಿಗೆ ಸುರಂಗದ (ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಬಾವಿಯ) ನೀರಿನ ಬಗ್ಗೆ ಅಭಿಮಾನ ಹೆಚ್ಚು. ನಾನೂ ವರ್ಷಗಟ್ಟಲೆ ರೇಡಿಯೇಟರಿಗೆ ಅದನ್ನೇ ಹಾಕಿದೆ. ನೀರು ಎಷ್ಟೇ ತಿಳಿಯಾಗಿರಲಿ, ಅದರಲ್ಲಿ ತುಕ್ಕು ತಡೆಯುವ ಅಂಶವಿಲ್ಲ. ಅದು ಇರುವುದು ಕೂಲಂಟ್‌ನಲ್ಲಿ. ಇನ್ನೊಂದು, ನನಗಿಂತ ಮುಂಚಿನ ಮಾಲಿಕರು ಸೋರಿಕೆ ನಿಲ್ಲಿಸಲು ಅರಸಿನ ಹುಡಿ ಹಾಕಿದ್ದರು. ಕೋರ್‌ನ ನಳಿಕೆಗಳು ರೇಡಿಯೇಟರಿನವಕ್ಕಿಂತ ಸಣ್ಣವಾದ್ದರಿಂದ ಆ ಹುಡಿ ಸೋರುವ ತೂತನ್ನು ಹುಡುಕಿಕೊಂಡು ಹೋಗುವ ಮೊದಲೇ ಅಲ್ಲಿ ಗಟ್ಟಿಯಾಗಿ ಕೂತಿತ್ತು. ಅಂಗಡಿಯಲ್ಲಿ ಸಿಗುವ ಸೋರಿಕೆ ತಡೆಯುವ ದ್ರವಗಳ ಬಗ್ಗೆಯೂ ನನ್ನ ಅಭಿಪ್ರಾಯ ಇದೇ.

ತುಂಬುವಾಗ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಇರಲಿ. ಗಾಡಿಯ ಮೂತಿಯನ್ನು ಏರಿಗೆ ಮುಖ ಮಾಡಿ ನಿಲ್ಲಿಸಿ, ಹೀಟರ್‌ನ ಲಿವರ್ ಅನ್ನು ಪೂರ್ತಿ ಬಿಸಿಯ ಕಡೆಗೆ ಸರಿಸಿ, ರೇಡಿಯೇಟರ್‌ನ ಮುಚ್ಚಳ ತೆರೆದಿಟ್ಟೇ ಇಂಜಿನ್ ಚಾಲೂ ಮಾಡಿ. ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ಕವಾಟ) ತೆರೆದುಕೊಂಡಾಗ ಗುಳ್ಳೆಗಳು ಬಂದು ಮಟ್ಟ ಇಳಿಯುತ್ತದೆ, ಮತ್ತೆ ತುಂಬಿ. ಮುಚ್ಚಳ ಹಾಕಿ ಓಡಿಸಿದ ಮೇಲೆ ಮಾತ್ರ ಬಿಸಿಯಿರುವಾಗ ಅದನ್ನು ತೆಗೆಯಬೇಡಿ. ಮಾರನೆಯ ದಿನ ಬೆಳಿಗ್ಗೆ ತಣ್ಣಗಿರುವಾಗ ಇನ್ನೊಮ್ಮೆ ನೋಡಿ. ಡ್ಯಾಶ್‌ಬೋರ್ಡಿನ ಹಿಂದೆ ನೀರು ಗುಳುಗುಳು ಎಂದರೆ ಗಾಳಿ ಇನ್ನೂ ಉಳಿದಿದೆ ಎಂದರ್ಥ.

ಪೈಪು ಜೋಡಿಸಿಬಿಡುವ ವಿಚಾರ: ಕಾಸರಗೋಡಿನಲ್ಲಿ ಮೈ ಬೆಚ್ಚಗಾಗಲೆಂದು ಯಾರೂ ಹೀಟರ್ ಹಾಕುವುದಿಲ್ಲ, ನಿಜ. ಆದರೆ ಎ.ಸಿ. ಇಲ್ಲದ ಗಾಡಿಯಲ್ಲಿ, ಆಟಿ ತಿಂಗಳ ಮಳೆಗೆ ಕಿಟಕಿ ಮುಚ್ಚಿಕೊಂಡು ಘಾಟಿ ಹತ್ತುವಾಗ, ಮಬ್ಬಾದ ಗಾಜನ್ನು ತಿಳಿಗೊಳಿಸಲು ಇರುವ ಸಾಧನ ಅದೊಂದೇ. ನಿಮ್ಮ ದಾರಿ ಸಂಪಾಜೆ. ನಾನಾದರೆ ಹೀಟರ್ ಉಳಿಸಿಕೊಳ್ಳುತ್ತೇನೆ.

ಉತ್ತರ 2 (ಉಪ್ಪಳದ ಚಾಲಕರು)

ಮಾಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ, ಆದರೂ ಪೈಪು ಜೋಡಿಸಿಕೊಂಡು ನಾಲ್ಕು ವರ್ಷ ಗಾಡಿ ಓಡಿಸಿದವನು ನಾನಾದ್ದರಿಂದ ಆ ಪಕ್ಷದ ಮಾತನ್ನೂ ಹೇಳಬೇಕು. ಮೀನಿನ ಪೆಟ್ಟಿಗೆಗಳನ್ನು ಹೇರಿಕೊಂಡು ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಬರುವ ನನಗೆ ಮೂರು ದಿನ ಗಾಡಿ ನಿಲ್ಲಿಸುವುದು ಸಾಧ್ಯವಿರಲಿಲ್ಲ. ಜೋಡಿಸುವ ಕೆಲಸ ಅರ್ಧ ಗಂಟೆಯದು, ಇಂಜಿನ್‌ಗೆ ಅದರಿಂದ ಯಾವ ಕೇಡೂ ಆಗಲಿಲ್ಲ. ಆದರೆ ಎರಡು ಬಾಯಿಗಳನ್ನು ಬೇರೆ ಬೇರೆಯಾಗಿ ಬಿರಡೆ ಹಾಕಿ ಮುಚ್ಚಬೇಡಿ. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಮುಚ್ಚಿರುವಾಗ ನೀರು ಸುತ್ತುವುದು ಇದೇ ದಾರಿಯಲ್ಲಿ. ರಬ್ಬರ್ ಪೈಪನ್ನೇ ಬಗ್ಗಿಸಿದರೆ ಅದು ಬಿಸಿಗೆ ಮಡಿಕೆ ಬಿದ್ದು ದಾರಿ ಕಟ್ಟುತ್ತದೆ, ಯು ಆಕಾರದ ಲೋಹದ ಕೊಳವೆಯನ್ನು ನಡುವೆ ಇಟ್ಟು ಕ್ಲ್ಯಾಂಪ್ ಬಿಗಿಯಿರಿ.

ನಷ್ಟ ಎರಡು. ಮಂಜುಗಡ್ಡೆಯ ಪಸೆ ಮತ್ತು ಒದ್ದೆ ಬಟ್ಟೆಯಿಂದಾಗಿ ನನ್ನ ಗಾಡಿಯ ಗಾಜು ಮಳೆಗಾಲದಲ್ಲಿ ಹಾಲಿನಂತಾಗುತ್ತಿತ್ತು. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದು ಕೈಯಲ್ಲಿ ಬೈರಾಸು ಹಿಡಿದು ಒರೆಸುತ್ತಾ ಹೋಗಬೇಕಾಗಿತ್ತು. ಇನ್ನೊಂದು, ಇಂಜಿನ್ ಕಾಯ್ದಾಗ ಹೀಟರ್ ಮತ್ತು ಬ್ಲೋವರ್ ಪೂರ್ತಿ ಹಾಕಿ ಸ್ವಲ್ಪ ಬಿಸಿಯನ್ನು ಕ್ಯಾಬಿನ್ನಿಗೆ ಎಳೆದುಕೊಂಡು ಬಚಾವಾಗುವ ಉಪಾಯ ಕೈಯಲ್ಲಿರುವುದಿಲ್ಲ. ಹೆದ್ದಾರಿಯಲ್ಲಿ ಇದು ಬೇಕಾಗದು, ಭಾರ ಹೊತ್ತು ಘಾಟಿ ಹತ್ತುವವರಿಗೆ ಬೇಕಾಗುತ್ತದೆ. ಬೇಸಿಗೆಯ ಮಟ್ಟಿಗೆ ಜೋಡಿಸಿಕೊಂಡು, ಬಿಡಿಭಾಗ ಸಿಕ್ಕಿದ ಮೇಲೆ ಮಳೆಗಾಲಕ್ಕೆ ಮುಂಚೆ ಸರಿಮಾಡಿಸಬಹುದು.

ಉತ್ತರ 3 (ಬದಿಯಡ್ಕದ ಸಮೀಪ ರೇಡಿಯೇಟರ್ ದುರಸ್ತಿ ಮಾಡುವವರು)

ನಿಮ್ಮ ಕೋರ್ ತಾಮ್ರ ಮತ್ತು ಹಿತ್ತಾಳೆಯದಾಗಿದ್ದರೆ ಮೊದಲು ನಮ್ಮಂತಹವರ ಹತ್ತಿರ ತನ್ನಿ. ತಲೆಯ ಭಾಗದ (ನಳಿಕೆಗಳು ಬಂದು ಸೇರುವ ತುದಿಯ ತೊಟ್ಟಿಯ) ಬೆಸುಗೆ ಬಿಟ್ಟಿದ್ದರೆ ಅದನ್ನು ಮತ್ತೆ ಹಾಕಿಕೊಡಬಹುದು, ಅದು ವರ್ಷಗಟ್ಟಲೆ ನಿಲ್ಲುತ್ತದೆ. ನಳಿಕೆಯೇ ತಿಂದುಹೋಗಿದ್ದರೆ ಒಂದು ತೂತು ಮುಚ್ಚಿದ ತಿಂಗಳಿಗೆ ಪಕ್ಕದಲ್ಲಿ ಇನ್ನೊಂದು ಬಾಯಿಬಿಡುವುದರಿಂದ ನಾನೇ ಹೊಸದು ಹಾಕಿ ಎನ್ನುತ್ತೇನೆ. ಪ್ಲಾಸ್ಟಿಕ್ ತಲೆಯ ಅಲ್ಯೂಮಿನಿಯಂ ಕೋರ್‌ಗೆ ಬೆಸುಗೆಯ ಮಾತೇ ಇಲ್ಲ.

ಹೊಸದನ್ನು ತರಲು ಮಂಗಳೂರಿಗೆ ಹೋಗುವಾಗ ಹಳೆಯದನ್ನು ಗೋಣಿಯಲ್ಲಿ ಕಟ್ಟಿಕೊಂಡೇ ಹೋಗಿ. ಒಂದೇ ಹೆಸರಿನ ಗಾಡಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಕೋರ್ ಬಂದಿರುವುದುಂಟು. ಕೊಳವೆಯ ವ್ಯಾಸ, ಅದು ತಿರುಗಿರುವ ದಿಕ್ಕು, ಕೋರ್‌ನ ದಪ್ಪ, ಈ ಮೂರನ್ನೂ ಪಕ್ಕದಲ್ಲಿಟ್ಟು ನೋಡಿದ ಮೇಲೆಯೇ ಹಣ ಕೊಡಿ. ಹೊಸದೇ ಆಗಿದ್ದರೂ ಕೂರಿಸುವ ಮೊದಲು ಒಂದು ಬಾಯಿ ಮುಚ್ಚಿ, ಇನ್ನೊಂದರಿಂದ ಒಂದು ಬಾರ್‌ನಷ್ಟು ಗಾಳಿ ಕೊಟ್ಟು ಬಾಲ್ದಿಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ನೋಡಬೇಕು. ಟಯರಿಗೆ ಗಾಳಿ ಹಾಕುವ ಕಂಪ್ರೆಸರನ್ನು ನೇರವಾಗಿ ಹಿಡಿದರೆ ಚೆನ್ನಾಗಿರುವ ಕೋರ್ ಕೂಡ ಉಬ್ಬಿ ಒಡೆಯುತ್ತದೆ.

ಮಾಷ್ಟ್ರು ಹೇಳಿದ ಕಾರಣಗಳಿಗೆ ಇನ್ನೊಂದನ್ನು ಸೇರಿಸಬೇಕು. ಇಂಜಿನ್ ಮತ್ತು ಬಾಡಿಯ ಅರ್ತ್ ತಂತಿ ತುಕ್ಕು ಹಿಡಿದಿದ್ದರೆ ವಿದ್ಯುತ್ತು ಕೂಲಂಟ್‌ನ ಮೂಲಕ ದಾರಿ ಮಾಡಿಕೊಂಡು ಲೋಹವನ್ನು ಒಳಗಿನಿಂದ ತಿನ್ನುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಇಟ್ಟು, ಇನ್ನೊಂದನ್ನು ರೇಡಿಯೇಟರಿನ ಲೋಹಕ್ಕೆ ತಾಗದಂತೆ ಕೂಲಂಟ್‌ನಲ್ಲಿ ಅದ್ದಿ, ಲೈಟು ಮತ್ತು ಬ್ಲೋವರ್ ಹಾಕಿ ನೋಡಿ. 0.1 ವೋಲ್ಟ್‌ನೊಳಗೆ ಇದ್ದರೆ ಚಿಂತೆಯಿಲ್ಲ, 0.3 ದಾಟಿದರೆ ಅರ್ತ್ ತಂತಿಗಳನ್ನೂ ಕೂಲಂಟನ್ನೂ ಸರಿಪಡಿಸದೆ ಹೊಸ ಕೋರ್ ಹಾಕಬೇಡಿ. ಹೊರಗಿನಿಂದ ಸ್ಟೀರಿಯೊ, ಹೆಚ್ಚುವರಿ ಹಾರ್ನ್ ಕೂರಿಸಿಕೊಂಡ ಗಾಡಿಗಳಲ್ಲಿ ಈ ದೋಷ ನನಗೆ ಮತ್ತೆ ಮತ್ತೆ ಕಂಡಿದೆ.

ಪ್ರಶ್ನೆ ಕೇಳಿದವರಿಂದ, ಹನ್ನೆರಡು ದಿನಗಳ ನಂತರ

ಎಲ್ಲರಿಗೂ ನಮಸ್ಕಾರ. ಮಾಷ್ಟ್ರು ಕಳುಹಿಸಿದ ಪಂಪಿನಿಂದ ಪರೀಕ್ಷೆ ಮಾಡಿದೆ. ಮುಳ್ಳು ಇಳಿಯಿತು. ಹೀಟರ್ ಪೈಪುಗಳನ್ನು ಒತ್ತಿ ಬಿಗಿದಾಗ ಇಳಿಯುವ ವೇಗ ಕಡಿಮೆಯಾಯಿತೇ ಹೊರತು ಪೂರ್ತಿ ನಿಲ್ಲಲಿಲ್ಲ. ಟಾರ್ಚ್ ಹಿಡಿದು ಹುಡುಕಿದಾಗ ಇಂಜಿನ್‌ನಲ್ಲಿ ನೀರು ಸುತ್ತಿಸುವ ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಿಂದಲೂ ತೊಟ್ಟಿಕ್ಕುತ್ತಿರುವುದು ಕಂಡಿತು. ಓಡುವಾಗ ಅದು ಇಂಜಿನ್‌ನ ಬಿಸಿಗೆ ಅಲ್ಲಿಯೇ ಆರಿಹೋಗುತ್ತಿದ್ದುದರಿಂದ ನೆಲದ ಮೇಲೆ ಯಾವತ್ತೂ ಗುರುತು ಬಿದ್ದಿರಲಿಲ್ಲ. ಗ್ಯಾರೇಜಿನವರ ಮಾತು ಕೇಳಿ ಕೋರ್ ಒಂದನ್ನೇ ಬದಲಿಸಿದ್ದರೆ ನೀರು ಕಡಿಮೆಯಾಗುವುದು ನಿಲ್ಲುತ್ತಿರಲಿಲ್ಲ, ಹೊಸ ಕೋರ್‌ನ ಮೇಲೆ ಸುಮ್ಮನೆ ಸಂಶಯ ಪಡುತ್ತಿದ್ದೆ.

ಗ್ಲೋವ್ ಬಾಕ್ಸ್ ತೆಗೆದು ನೋಡಿದೆ. ನನ್ನ ಗಾಡಿಯಲ್ಲಿಯೂ ಪೆಟ್ಟಿಗೆ ಅಲ್ಲಿಂದಲೇ ಬರುವಂತೆ ಕಾಣುತ್ತದೆ. ಮೀಟರಿನಲ್ಲಿ 0.4 ವೋಲ್ಟ್ ಬಂತು, ಇಂಜಿನ್‌ನ ಅರ್ತ್ ತಂತಿಯನ್ನು ಬದಲಿಸಿದ ಮೇಲೆ ಅದು 0.2ಕ್ಕೆ ಇಳಿದಿದೆ, ಉಳಿದದ್ದು ಹಳೆಯ ನೀರು ತೆಗೆದಾಗ ನೋಡಬೇಕು. ಸದ್ಯಕ್ಕೆ ಉಪ್ಪಳದವರು ಹೇಳಿದಂತೆ ಯು ಕೊಳವೆ ಹಾಕಿ ಓಡಿಸುತ್ತಿದ್ದೇನೆ. ವಾಟರ್ ಪಂಪು ಮುಂದಿನ ವಾರ ಬರುತ್ತದೆ. ಕೋರ್ ಮತ್ತು ಅದನ್ನು ಒಟ್ಟಿಗೇ ಕೂರಿಸಿದರೆ ಕೂಲಂಟ್ ಎರಡು ಸಲ ಸುರಿಯುವುದು ತಪ್ಪುತ್ತದೆ. ಕೆಲಸ ಮುಗಿದ ಮೇಲೆ ಇನ್ನೊಮ್ಮೆ ಒತ್ತಡ ನೋಡಬೇಕಾದ್ದರಿಂದ, ಮಾಷ್ಟ್ರೇ, ನಿಮ್ಮ ಪಂಪು ಅಲ್ಲಿಯವರೆಗೆ ನನ್ನಲ್ಲಿಯೇ ಇರಲಿ.