ಸ್ಕೌಟಿಂಗ್‌ನಲ್ಲಿ ಇಟ್ಟುಕೊಂಡ ಗುರಿಗಳು ಸಮವಸ್ತ್ರ ಕಳಚಿದ ಮೇಲೂ ಉಳಿಯಬೇಕಾದರೆ ಏನು ಮಾಡಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. 12ರಿಂದ 16 ವರ್ಷದೊಳಗಿನ ಮಕ್ಕಳ ಸ್ಕೌಟ್ ದಳವೊಂದನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಪ್ರತಿಯೊಬ್ಬರೂ ತಮ್ಮ ಜೀವನದ ಗುರಿಗಳನ್ನು ಲಾಗ್ ಪುಸ್ತಕದಲ್ಲಿ ಬರೆದುಕೊಳ್ಳಬೇಕೆಂದು ಈ ಬಾರಿ ಸೂಚಿಸಿದ್ದೆ. ಹೆಚ್ಚಿನವರು ಮುಂದೆ ಸೇರಬೇಕೆಂದಿರುವ ಉದ್ಯೋಗದ ಹೆಸರನ್ನಷ್ಟೇ ಬರೆದು ಪುಸ್ತಕ ಮುಚ್ಚಿದರು. ಇದೇ ಮಕ್ಕಳು ಮುಂದಿನ ಬ್ಯಾಡ್ಜ್‌ಗೆ ಏನೇನು ಕಲಿಯಬೇಕೆಂಬುದನ್ನು ಒಂದೂ ಬಿಡದೆ ಹೇಳಬಲ್ಲರು, ಅದಕ್ಕಾಗಿ ಆಟದ ಹೊತ್ತನ್ನು ಬಿಟ್ಟುಕೊಟ್ಟು ಅಭ್ಯಾಸ ಮಾಡುತ್ತಾರೆ. ಆದರೆ ಬ್ಯಾಡ್ಜ್ ತೋಳಿಗೇರಿದ ಮೇಲೆ ಆ ವಿದ್ಯೆಯನ್ನು ಮತ್ತೆ ಕೈಗೆತ್ತಿಕೊಳ್ಳುವವರು ವಿರಳ. ಬ್ಯಾಡ್ಜ್‌ನ ಬಗ್ಗೆ ಇರುವ ಈ ಶ್ರದ್ಧೆಯನ್ನು ಬದುಕಿನುದ್ದಕ್ಕೂ ಉಳಿಯುವ ಗುರಿಗಳ ಕಡೆಗೆ ತಿರುಗಿಸುವುದು ಹೇಗೆ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಪ್ರತಿಕ್ರಿಯೆ 1

ನಮಸ್ಕಾರ. ಮುಂದೆ ಏನಾಗುತ್ತೀಯೆ ಎಂದು ಕೇಳಿದರೆ ಮಕ್ಕಳು ದೊಡ್ಡವರ ಬಾಯಿಂದ ಕೇಳಿಸಿಕೊಂಡ ಉತ್ತರವನ್ನೇ ಒಪ್ಪಿಸುತ್ತಾರೆ. ಏನನ್ನು ಮಾಡಲು ಬರಬೇಕು ಎಂದು ಕೇಳಿ ನೋಡಿ, ಉತ್ತರ ಅವರದೇ ಆಗಿರುತ್ತದೆ.

ಬ್ಯಾಡ್ಜ್ ಪರೀಕ್ಷೆಯ ಬಲವೂ ಇಲ್ಲೇ ಇದೆ. ಬೌಲೈನ್ ಗಂಟು ಗೊತ್ತು ಎಂದು ಹೇಳಿದ ಮಾತ್ರಕ್ಕೆ ಯಾರೂ ಒಪ್ಪುವುದಿಲ್ಲ. ಹಗ್ಗವನ್ನು ತನ್ನ ಸೊಂಟದ ಸುತ್ತ ತಂದು ಗಂಟು ಹಾಕಬೇಕು, ಇನ್ನೊಬ್ಬರು ಜಗ್ಗಿದಾಗ ಕುಣಿಕೆ ಬಿಗಿದುಕೊಳ್ಳಬಾರದು, ಕೆಲಸ ಮುಗಿದ ಮೇಲೆ ಸಲೀಸಾಗಿ ಬಿಚ್ಚಿಕೊಳ್ಳಬೇಕು. ಗುರಿಯನ್ನೂ ಹೀಗೆ ಕೈಯಲ್ಲಿ ಮಾಡಿ ತೋರಿಸುವ ಕೆಲಸವಾಗಿ ಬರೆಸಿ. ‘ಜನರಿಗೆ ನೆರವಾಗುತ್ತೇನೆ’ ಎಂದು ಬರೆದ ಹುಡುಗನೊಡನೆ ಕುಳಿತು ಮಾತನಾಡಿದರೆ, ರಕ್ತ ಸೋರುತ್ತಿರುವ ಗಾಯವನ್ನು ವೈದ್ಯರು ಬರುವವರೆಗೆ ಒತ್ತಿ ಹಿಡಿದು ನಿಭಾಯಿಸುವುದನ್ನು ಕಲಿಯುತ್ತೇನೆ ಮತ್ತು ಆ ವಿದ್ಯೆಯನ್ನು ಪ್ರತಿವರ್ಷ ಹೊಸದಾಗಿ ಅಭ್ಯಾಸ ಮಾಡುತ್ತೇನೆ ಎಂಬಲ್ಲಿಗೆ ಅವನೇ ಬಂದು ನಿಲ್ಲುತ್ತಾನೆ.

ಕಾಲಾವಧಿಯೂ ಮುಖ್ಯ. ಅಮೆರಿಕದ ಸ್ಕೌಟ್ ಸಂಘಟನೆಯಲ್ಲಿ 1912ರಿಂದ ನೀಡುತ್ತಿರುವ ಅತ್ಯುನ್ನತ ಶ್ರೇಣಿಯಾದ ಈಗಲ್‌ಗೆ ಇಂದು 21 ಮೆರಿಟ್ ಬ್ಯಾಡ್ಜ್‌ಗಳು ಬೇಕು, ಜೊತೆಗೆ ಸೇವಾಕಾರ್ಯವೊಂದನ್ನು ತಾನೇ ಯೋಜಿಸಿ, ಇತರರನ್ನು ಮುನ್ನಡೆಸಿ ಪೂರೈಸಬೇಕು. ಆ ಬ್ಯಾಡ್ಜ್‌ಗಳ ಪೈಕಿ ವೈಯಕ್ತಿಕ ನಿರ್ವಹಣೆಯದಕ್ಕೆ ಸ್ಕೌಟ್ ತನ್ನ ಆದಾಯ ಮತ್ತು ಖರ್ಚುಗಳ ಲೆಕ್ಕವನ್ನು 13 ವಾರ ಇಡಬೇಕಾಗುತ್ತದೆ. ಒಂದು ಸಂಜೆಯಲ್ಲಿ ಮುಗಿಸಲಾಗದ ಇಂಥ ಕೆಲಸಗಳೇ ಸ್ವಭಾವದೊಳಗೆ ಇಳಿಯುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ.

ಪ್ರತಿಕ್ರಿಯೆ 2

ಮೇಲಿನವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಪರೀಕ್ಷಿಸಬಹುದಾದುದಷ್ಟೇ ಗುರಿ ಎಂದು ಮಕ್ಕಳು ತಿಳಿದುಕೊಂಡರೆ ಸ್ಕೌಟಿಂಗ್‌ನ ಅತಿ ದೀರ್ಘವಾದ ಗುರಿಯೇ ಅವರ ಕಣ್ಣಿಗೆ ಬೀಳದೆ ಹೋಗುತ್ತದೆ. ಕೈಲಾದಷ್ಟೂ ಪ್ರಯತ್ನಿಸುತ್ತೇನೆ ಎಂದು ದೀಕ್ಷೆಯ ದಿನ ಮಾಡುವ ಪ್ರತಿಜ್ಞೆಗೆ ವಯಸ್ಸಿನ ಮಿತಿಯಿಲ್ಲ, ಪರೀಕ್ಷಕರಿಲ್ಲ, ಅದನ್ನು ಪಾಲಿಸಿದ್ದಕ್ಕೆ ತೋಳಿನ ಮೇಲೆ ಹೊಲಿಯುವಂಥ ಬ್ಯಾಡ್ಜ್ ಕೂಡ ಇಲ್ಲ. ನಂಬಿಕೆಗೆ ಅರ್ಹನಾಗಿರುವುದು ಮತ್ತು ಕಷ್ಟದಲ್ಲಿರುವವರನ್ನು ಕಂಡಾಗ ಕರೆಯುವ ಮೊದಲೇ ಮುಂದೆ ಬರುವುದು 16ರಲ್ಲೂ 60ರಲ್ಲೂ ಪೂರ್ತಿಯಾಗಿ ಮುಗಿದುಹೋಗುವ ಕೆಲಸಗಳಲ್ಲ.

ಇಂಥ ಗುರಿಗಳನ್ನು ಬೆಳೆಸುವುದು ಪೆಟ್ರೋಲ್ (patrol) ಪದ್ಧತಿ, ಅಂದರೆ ದಳದ ಮಕ್ಕಳನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ ಮಾಡುವ ಪದ್ಧತಿ. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸ್ಕೌಟಿಂಗ್‌ನ ಸ್ಥಾಪಕ ಬೇಡನ್ ಪೊವೆಲ್ ಅವರು ನಡೆಸಿದ ಮೊದಲ ಪ್ರಾಯೋಗಿಕ ಶಿಬಿರದಲ್ಲೇ ಬೇರೆ ಬೇರೆ ಸಾಮಾಜಿಕ ಹಿನ್ನೆಲೆಯ ಹುಡುಗರನ್ನು ನಾಲ್ಕು ಪೆಟ್ರೋಲ್‌ಗಳಾಗಿ ಮಾಡಿ, ಪ್ರತಿಯೊಂದರ ಹೊಣೆಯನ್ನು ಅವರಲ್ಲೇ ಒಬ್ಬ ಹುಡುಗನಿಗೆ ಒಪ್ಪಿಸಲಾಗಿತ್ತು. ಶಿಬಿರದಲ್ಲಿ ಎಲ್ಲರಿಗೂ ಊಟ ಸಿಕ್ಕಿತೇ, ಹಿಂದೆ ಉಳಿದ ಚಿಕ್ಕವನು ಬಂದು ಸೇರಿದನೇ ಎಂದು ನೋಡಿಕೊಂಡ ಪೆಟ್ರೋಲ್ ನಾಯಕನಿಗೆ ಹೊಣೆಗಾರಿಕೆಯ ಬಗ್ಗೆ ಬೇರೆ ಉಪನ್ಯಾಸ ಬೇಕಾಗುವುದಿಲ್ಲ. ನಾಯಕತ್ವ ಒಬ್ಬರಲ್ಲೇ ನಿಲ್ಲದಂತೆ ನೋಡಿಕೊಳ್ಳಿ ಎಂಬುದಷ್ಟೇ ನನ್ನ ವಿನಂತಿ.

ಪ್ರತಿಕ್ರಿಯೆ 3

ನಾನು ದಳ ನಡೆಸುವವಳಲ್ಲ, ಗೈಡ್ ಆಗಿ ಬೆಳೆದವಳು. ನನ್ನಲ್ಲಿ ಉಳಿದುಕೊಂಡದ್ದು ಕಿರಿಯರಿಗೆ ಕಲಿಸಿಕೊಟ್ಟ ವಿದ್ಯೆಗಳು. ದಿಕ್ಸೂಚಿ ಮತ್ತು ನಕ್ಷೆ ಹಿಡಿದು ದಾರಿ ಕಂಡುಕೊಳ್ಳುವುದರಲ್ಲಿ ನಾನು ಉತ್ತೀರ್ಣಳಾಗಿದ್ದೆನಾದರೂ, ಚಿಕ್ಕ ಹುಡುಗಿಯೊಬ್ಬಳು ನಕ್ಷೆಯನ್ನು ಉತ್ತರಕ್ಕೆ ಏಕೆ ತಿರುಗಿಸಿಕೊಳ್ಳಬೇಕು ಎಂದು ಪಟ್ಟು ಹಿಡಿದು ಕೇಳಿದಾಗಲೇ ಅದು ನನಗೆ ನಿಜವಾಗಿ ಅರ್ಥವಾಯಿತು. ಬ್ಯಾಡ್ಜ್ ಪಡೆದವರು ಕನಿಷ್ಠ ಒಬ್ಬರಿಗಾದರೂ ಅದೇ ವಿದ್ಯೆಯನ್ನು ಕಲಿಸಬೇಕೆಂಬ ಪದ್ಧತಿಯನ್ನು ತಮ್ಮ ದಳದಲ್ಲಿ ತನ್ನಿ.

ಇನ್ನೊಂದು ಮಾತು. ಗುರಿಯನ್ನು ಬದಲಾಯಿಸಲು ಮಕ್ಕಳಿಗೆ ಅವಕಾಶವಿರಲಿ. ಒಂದು ಹವ್ಯಾಸವನ್ನು ಹಿಡಿದು, ಅದು ತನಗೆ ಒಗ್ಗದೆಂದು ತಿಳಿದು, ಕಾರಣವನ್ನು ಲಾಗ್ ಪುಸ್ತಕದಲ್ಲಿ ಬರೆದು ಬೇರೊಂದಕ್ಕೆ ಹೋದ ಮಗುವನ್ನು ಚಂಚಲ ಎನ್ನಬೇಡಿ. ಹಾಗೆಯೇ ಆ ಪುಸ್ತಕವನ್ನು ಅಂಕ ಹಾಕಲು ಕೇಳಬೇಡಿ, ಏಕೆಂದರೆ ಯಾರೋ ಓದುತ್ತಾರೆಂದು ತಿಳಿದರೆ ಮಕ್ಕಳು ಓದುವವರಿಗೆ ಇಷ್ಟವಾಗುವುದನ್ನೇ ಬರೆಯುತ್ತಾರೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮುಂದಿನ ಸಭೆಯಲ್ಲಿ ಪ್ರತಿಯೊಬ್ಬರೂ ಮಾಡಿ ತೋರಿಸಬಹುದಾದ ಒಂದು ಗುರಿಯನ್ನು ಪೆಟ್ರೋಲ್‌ನ ಮುಂದೆ ಹೇಳಿ, ಮೂರು ತಿಂಗಳ ಅವಧಿಯನ್ನು ತಾವೇ ಗೊತ್ತುಪಡಿಸಿಕೊಳ್ಳಲಿ ಎಂದುಕೊಂಡಿದ್ದೇನೆ. ಪ್ರತಿಜ್ಞೆಗೆ ಸಂಬಂಧಿಸಿದ ಗುರಿಗಳು ಲಾಗ್ ಪುಸ್ತಕದಲ್ಲೇ ಇರುತ್ತವೆ, ಅದನ್ನು ನಾನು ತೆರೆಯುವುದಿಲ್ಲ. ಕಿರಿಯರಿಗೆ ಕಲಿಸುವ ಹೊಣೆಯನ್ನು ಹೊಸದಾಗಿ ಬ್ಯಾಡ್ಜ್ ಪಡೆದವರಿಂದಲೇ ಆರಂಭಿಸುತ್ತೇನೆ. ಒಂದೇ ಸಂದೇಹ ಉಳಿದಿದೆ: ನಾಲ್ವರ ಮುಂದೆ ಮಾತನಾಡಲೂ ಹಿಂಜರಿಯುವ ಮಕ್ಕಳಿಗೆ ಪೆಟ್ರೋಲ್‌ನ ಬದಲು ಒಬ್ಬ ಗೆಳೆಯನ ಮುಂದಷ್ಟೇ ಗುರಿಯನ್ನು ಹೇಳಲು ಬಿಡಬಹುದೇ?