ಸಂಪಿನ ಲೆಕ್ಕ ಬರೆಯುವವರು ಯಾರು?

ಗುಂಪು: ಮಲ್ಲೇಶ್ವರಂ ಮನೆಯವರು

ಚಿಕ್ಕಪ್ಪ: (ಫಾರ್ವರ್ಡ್ ಆದ ಚಿತ್ರ) “ಆರ್ಡುಯಿನೊ ಪ್ರೋಗ್ರಾಮಿಗೆ ಸೀರಿಯಲ್ ಪ್ರಿಂಟ್ ಎಂಬ ಒಂದು ಸಾಲನ್ನು ಸೇರಿಸಿ, ಅಳತೆಗಳೆಲ್ಲ ಕಂಪ್ಯೂಟರಿನ ಟೆಕ್ಸ್ಟ್ ಫೈಲಿನಲ್ಲಿ ತಾವಾಗಿಯೇ ಉಳಿಯುತ್ತವೆ.” ಚಿನ್ಮಯ ಸಂಪಿನ ಮುಚ್ಚಳಕ್ಕೆ ಸೆನ್ಸರ್ ಕೂರಿಸಿದ್ದಾನಲ್ಲ, ಇದನ್ನೂ ಹಾಕಿಬಿಟ್ಟರೆ ಕಾವೇರಿ ನೀರು ಎಷ್ಟು ಹೊತ್ತಿಗೆ ಬಂತು, ಎಷ್ಟು ಬಂತು ಎಂಬ ವಾದವೇ ಮನೆಯಲ್ಲಿ ಇರುವುದಿಲ್ಲ. ನಮ್ಮ ರಸ್ತೆಯವರ ಗುಂಪಿಗೂ ಕಳುಹಿಸಿದ್ದೇನೆ.

ನಾನು: ಚಿಕ್ಕಪ್ಪ, ಈ ಮಾತು ಅರ್ಧ ಮಾತ್ರ ಸರಿ. ಸೆನ್ಸರನ್ನು ಓದುವ ಆ ಪುಟ್ಟ ಆರ್ಡುಯಿನೊ ಬೋರ್ಡು, ಅಂದರೆ ಊನೊ ಆರ್3, ಯುಎಸ್‌ಬಿ ತಂತಿಯ ಮೂಲಕ ಅಕ್ಷರಗಳನ್ನು ಒಂದರ ಹಿಂದೊಂದು ಹೊರಗೆ ಕಳುಹಿಸುತ್ತದೆಯೇ ಹೊರತು ಲ್ಯಾಪ್‌ಟಾಪಿನೊಳಗೆ ಫೈಲು ತೆರೆಯುವ ಶಕ್ತಿ ಅದಕ್ಕಿಲ್ಲ. ಆ ಕಡೆ ಯಾವುದಾದರೂ ಪ್ರೋಗ್ರಾಂ ಕಾದು ಕುಳಿತು ಬರೆದುಕೊಂಡರೆ ಉಳಿಯಿತು, ಇಲ್ಲದಿದ್ದರೆ ಹೋಯಿತು. ನೀವು ಕಳುಹಿಸಿದ ಚಿತ್ರದ ಬಲ ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಕಪ್ಪು ಕಿಟಕಿಯೊಂದಿದೆ. ದೊಡ್ಡದು ಮಾಡಿ ನೋಡಿದರೆ ಅದರ ನೆತ್ತಿಯ ಮೇಲೆ ‘ಕಾಮ್3 - ಪುಟ್ಟಿ’ ಎಂದಿದೆ. ಬರೆಯುತ್ತಿರುವುದು ಆ ಪುಟ್ಟಿ ಎಂಬ ಪ್ರೋಗ್ರಾಂ.

ಚಿಕ್ಕಪ್ಪ: ಹಾಗಾದರೆ ಪುಟ್ಟಿ ಹಾಕಿಕೊಂಡರಾಯಿತು, ಅದಕ್ಕೇಕೆ ಇಷ್ಟು ತಕರಾರು? ಸೆಶನ್ ಕೆಳಗಿರುವ ಲಾಗಿಂಗ್‌ಗೆ ಹೋಗಿ ‘ಪ್ರಿಂಟಬಲ್ ಔಟ್‌ಪುಟ್’ ಆಯ್ದು, ಫೈಲಿಗೊಂದು ಹೆಸರಿಟ್ಟು, ವೇಗ 9600 ಎಂದು ಕೊಟ್ಟೆ. ಸಾಲುಗಳು ಬೀಳುತ್ತಿವೆ, ನೀವೇ ನೋಡಿ:
300004,87
600009,85
900013,83

ಅತ್ತೆ: 87 ಇದ್ದದ್ದು 83ಕ್ಕೆ ಇಳಿದರೆ ನೀರು ಕಡಿಮೆಯಾಯಿತು ಎಂದೇ? ಸಂಪಿಗೆ ನೀರು ಬೀಳುವ ಸದ್ದು ನನಗೆ ಇಲ್ಲಿಗೇ ಕೇಳಿಸುತ್ತಿದೆಯಲ್ಲ.

ಚಿನ್ಮಯ: ಅದು ಮುಚ್ಚಳದಿಂದ ನೀರಿನವರೆಗಿನ ದೂರ ಅತ್ತೆ, ಸೆಂಟಿಮೀಟರಿನಲ್ಲಿ. ಅಂಕಿ ಇಳಿದಷ್ಟೂ ನೀರು ಏರಿದೆ ಎಂದರ್ಥ. ಮೊದಲನೆಯದು ಬೋರ್ಡು ಶುರುವಾದಾಗಿನಿಂದ ಕಳೆದ ಮಿಲಿಸೆಕೆಂಡುಗಳು. ಅಪ್ಪ, ನೀವು ಪುಟ್ಟಿಯನ್ನು ಮುಚ್ಚಿ ಮತ್ತೆ ತೆರೆದಾಗಲೆಲ್ಲ ಊನೊ ರೀಸೆಟ್ ಆಗಿ ಆ ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆ. ಅಲ್ಲದೆ ಪುಟ್ಟಿ ಆ ಪೋರ್ಟನ್ನು ಹಿಡಿದುಕೊಂಡಿರುವಷ್ಟು ಹೊತ್ತು ನಾನು ಅದೇ ಲ್ಯಾಪ್‌ಟಾಪಿನಲ್ಲಿ ಸೀರಿಯಲ್ ಮಾನಿಟರ್, ಅಂದರೆ ಬೋರ್ಡಿನಿಂದ ಬರುವುದನ್ನು ತೋರಿಸುವ ಆರ್ಡುಯಿನೊ ಕಿಟಕಿ, ತೆರೆಯಲಾಗುವುದಿಲ್ಲ.

ದೊಡ್ಡಪ್ಪ: ಕೆಲಸದಲ್ಲಿದ್ದಷ್ಟು ಕಾಲವೂ ಲೆಡ್ಜರ್ ನೋಡಿದವನು ನಾನು. ತಾರೀಖು ಇಲ್ಲದ ನಮೂದನ್ನು ಲೆಕ್ಕವೆಂದು ಒಪ್ಪಲಾರೆ. ಈ 300004 ಎಂಬುದು ಬೆಳಗಿನ ಜಾವವೋ, ಮಟಮಟ ಮಧ್ಯಾಹ್ನವೋ?

ನಾನು: ದೊಡ್ಡಪ್ಪ, ಅದನ್ನು ಆ ಸಾಲಿನಿಂದ ಹೇಳಲು ಬರುವುದಿಲ್ಲ. ಊನೊದಲ್ಲಿ ಗಡಿಯಾರವಿಲ್ಲ, ಇರುವ ಎಣಿಕೆಯೂ ಸುಮಾರು 49.7 ದಿನಕ್ಕೆ ತುಂಬಿ ಮತ್ತೆ ಸೊನ್ನೆಯಾಗುತ್ತದೆ. ಲ್ಯಾಪ್‌ಟಾಪನ್ನೇ ನಂಬುವುದಾದರೆ ಪುಟ್ಟಿಯ ಬದಲು ಪೈಥಾನ್ ಭಾಷೆಯಲ್ಲಿ ಪೈಸೀರಿಯಲ್ ಎಂಬ ಸಿದ್ಧ ಪ್ರೋಗ್ರಾಂ ಭಾಗವನ್ನು ಬಳಸಿ, ಬಂದ ಪ್ರತಿ ಸಾಲಿನ ಮುಂದೆ ಲ್ಯಾಪ್‌ಟಾಪಿನ ತಾರೀಖು ಮತ್ತು ವೇಳೆಯನ್ನು ಸೇರಿಸಿ ಬರೆಯುವ ಹತ್ತು ಹದಿನೈದು ಸಾಲಿನ ಪ್ರೋಗ್ರಾಂ ಸಾಕು. ಆಗ ಫೈಲನ್ನು ಹಳೆಯದರ ಕೊನೆಗೆ ಸೇರಿಸುತ್ತಾ ಹೋಗುವ ‘ಎ’ ವಿಧಾನದಲ್ಲಿ ತೆರೆಯಬೇಕು. ‘ಡಬ್ಲ್ಯೂ’ ಎಂದು ಕೊಟ್ಟರೆ ಪ್ರತಿ ಸಲ ಶುರು ಮಾಡಿದಾಗಲೂ ಹಳೆಯದೆಲ್ಲ ಅಳಿಸಿಹೋಗುತ್ತದೆ.

ಅತ್ತೆ: ನೀರು ಬಿಡುವುದು ರಾತ್ರಿ ಮೂರು ಗಂಟೆಗೋ ನಾಲ್ಕಕ್ಕೋ. ಅಲ್ಲಿಯವರೆಗೆ ಲ್ಯಾಪ್‌ಟಾಪ್ ಮಲಗದಂತೆ ಕಾಯುವವರು ಯಾರು? ಸಂಪಿನ ಪಕ್ಕದಲ್ಲಿ ಅದನ್ನು ಇಡುವುದಂತೂ ಬೇಡವೇ ಬೇಡ.

ಚಿಕ್ಕಪ್ಪ: ಬೋರ್ಡಿನೊಳಗೇ ಈಪ್ರಾಮ್ ಎಂಬ ನೆನಪು ಇದೆಯೆಂದು ಓದಿದ್ದೇನೆ, ಕರೆಂಟ್ ಹೋದರೂ ಅಳಿಯುವುದಿಲ್ಲವಂತೆ. ಅಲ್ಲಿಯೇ ಬರೆಯಲಿ.

ನಾನು: ಇದೆ, ಆದರೆ 1024 ಬೈಟು ಮಾತ್ರ. ಒಂದು ಅಳತೆಗೆ 2 ಬೈಟಿನಂತೆ 512 ಅಳತೆಗಳು ಹಿಡಿಸುತ್ತವೆ. ಐದು ನಿಮಿಷಕ್ಕೊಂದರಂತೆ ಬರೆದರೆ 42 ಗಂಟೆ 40 ನಿಮಿಷದಲ್ಲಿ ಜಾಗ ಮುಗಿಯಿತು. ಒಂದೇ ಜಾಗದಲ್ಲಿ ಲಕ್ಷ ಸಲ ಬರೆದರೆ ಈಪ್ರಾಮ್ ಸವೆಯುತ್ತದೆಂದು ಹೆದರಿಸುವವರಿದ್ದಾರೆ, ಈ ಲೆಕ್ಕದಲ್ಲಿ ಆ ಭಯ ಬೇಕಿಲ್ಲ. ತೊಂದರೆ ಇರುವುದು ಜಾಗದ್ದು. ಅದೂ ಅಲ್ಲದೆ ಅದು ಫೈಲಲ್ಲ, ಮೊಬೈಲಿಗೆ ಹಾಕಿ ತೆರೆದು ಓದಲಾಗುವುದಿಲ್ಲ. ನನ್ನ ಮಾತು ಕೇಳುವುದಾದರೆ ಎಸ್‌ಡಿ ಕಾರ್ಡಿನ ಮಾಡ್ಯೂಲ್ ಒಂದನ್ನೂ, ಡಿಎಸ್3231 ಗಡಿಯಾರದ ಮಾಡ್ಯೂಲ್ ಒಂದನ್ನೂ ತನ್ನಿ. ಗಡಿಯಾರಕ್ಕೆ ಅದರದೇ ಬಟನ್ ಸೆಲ್ ಇರುವುದರಿಂದ ಕರೆಂಟ್ ಹೋದರೂ ವೇಳೆ ತಪ್ಪುವುದಿಲ್ಲ. ಸಾಲು ಹೀಗಿರುತ್ತದೆ:
2025-06-14,03:10,87

ಸಾಲಿನ ಕೊನೆಯ ಗುರುತೂ ಸೇರಿ 21 ಬೈಟು, ದಿನಕ್ಕೆ 288 ಸಾಲು, ವರ್ಷಕ್ಕೆ ಸುಮಾರು 2.2 ಎಂಬಿ. ಮನೆಯಲ್ಲಿ ಬಿದ್ದಿರುವ ಯಾವ ಹಳೆಯ ಕಾರ್ಡಾದರೂ ಆದೀತು.

ಚಿನ್ಮಯ: ಅಕ್ಕ, ಊನೊ ಬದಲು ವೈಫೈ ಇರುವ ಇಎಸ್‌ಪಿ32 ಬೋರ್ಡು ಹಾಕಿದರೆ ವೈಫೈ ಮೂಲಕ ನೇರವಾಗಿ ಕಳುಹಿಸಬಹುದಲ್ಲ?

ನಾನು: ಕಳುಹಿಸಬಹುದು ಕಣೋ, ಆದರೆ ಕರೆಂಟ್ ಹೋದಾಗ ರೂಟರೂ ಆರುತ್ತದೆ. ಮೊದಲು ಕಾರ್ಡಿಗೆ ಬರೆಯುವುದು ಗಟ್ಟಿಯಾಗಲಿ. ಅಲ್ಲಿ ಒಂದು ಎಚ್ಚರ ಬೇಕು: ಎಸ್‌ಡಿ ಲೈಬ್ರರಿ (ಕಾರ್ಡಿಗೆ ಬರೆಯುವ ಸಿದ್ಧ ಪ್ರೋಗ್ರಾಂ ಭಾಗ) ನಾವು ಬರೆದದ್ದನ್ನು ಊನೊದ 2 ಕೆಬಿ ರ್‍ಯಾಮಿನೊಳಗೆ 512 ಬೈಟಿನ ಒಂದು ತುಣುಕಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಫೈಲನ್ನು ಮುಚ್ಚದೆ, ಫ್ಲಶ್ (ಕೂಡಿಟ್ಟದ್ದನ್ನು ಕಾರ್ಡಿಗೆ ತಳ್ಳುವುದು) ಕೂಡ ಮಾಡದೆ ಇರುವಾಗ ಕರೆಂಟ್ ಹೋದರೆ ಆ ತುಣುಕು ಹೋಗುತ್ತದೆ, ಫೈಲಿನ ಗಾತ್ರ ಸೊನ್ನೆ ಎಂದು ತೋರಿಸುವುದೂ ಉಂಟು. ಆದ್ದರಿಂದ ಪ್ರತಿ ಸಾಲು ಬರೆದ ಕೂಡಲೇ ಮುಚ್ಚು.

ಚಿಕ್ಕಪ್ಪ: ಹಾಗೆ ತೆರೆದು ಮುಚ್ಚಿ ಮಾಡಿದರೆ ಕಾರ್ಡು ಹಾಳಾಗುವುದಿಲ್ಲವೇ?

ನಾನು: ಸೆಕೆಂಡಿಗೆ ನೂರು ಅಳತೆ ತೆಗೆಯುವಲ್ಲಿ ಈ ಪ್ರಶ್ನೆ ಕೇಳಬೇಕು. ಐದು ನಿಮಿಷಕ್ಕೊಮ್ಮೆ ಬರೆಯುವ ಸಂಪಿಗೆ ಅದು ಲೆಕ್ಕಕ್ಕಿಲ್ಲ.

ದೊಡ್ಡಪ್ಪ: ಫೈಲಿನ ಮೊದಲ ಸಾಲಿನಲ್ಲಿ ತಾರೀಖು, ವೇಳೆ, ಮುಚ್ಚಳದಿಂದ ನೀರಿಗೆ ಇರುವ ದೂರ ಎಂದು ತಲೆಬರಹ ಇರಲಿ, ಇಲ್ಲವಾದರೆ ನಿಮ್ಮ ಅತ್ತೆ ನಾಳೆಯೂ ಅದನ್ನೇ ಕೇಳುತ್ತಾಳೆ. ತಮ್ಮಾ, ರಸ್ತೆಯವರ ಗುಂಪಿಗೆ ಹೋದ ಚಿತ್ರಕ್ಕೆ ನೀನೇ ಒಂದು ತಿದ್ದುಪಡಿ ಕಳುಹಿಸು.

ಚಿಕ್ಕಪ್ಪ: ಕಳುಹಿಸಿದ್ದೇನೆ: “ಲ್ಯಾಪ್‌ಟಾಪ್ ಚಾಲೂ ಇದ್ದು, ಅದರಲ್ಲಿ ಬರೆದುಕೊಳ್ಳುವ ಪ್ರೋಗ್ರಾಂ ತೆರೆದಿದ್ದರೆ ಮಾತ್ರ.” ಆದರೆ ನನ್ನ ಫೈಲಿನಲ್ಲಿ ಸಾಲುಗಳು ಬಿದ್ದಿರುವುದಂತೂ ನಿಜ, ಹಾಗಾಗಿ ಚಿತ್ರ ಸುಳ್ಳೆಂದು ನಾನು ಒಪ್ಪುವುದಿಲ್ಲ.

ಚಿನ್ಮಯ: ಶನಿವಾರ ಎಸ್.ಪಿ. ರೋಡಿಗೆ ಹೋಗುತ್ತೇನೆ. ಕಾರ್ಡು 3.3 ವೋಲ್ಟಿನದು, ಊನೊ 5 ವೋಲ್ಟಿನದು, ಆದ್ದರಿಂದ ವೋಲ್ಟೇಜ್ ಮಟ್ಟ ಇಳಿಸುವ ಚಿಪ್ ಇರುವ ಮಾಡ್ಯೂಲನ್ನೇ ಕೇಳಿ ತರುತ್ತೇನೆ. ಎಸ್‌ಡಿ ಲೈಬ್ರರಿಗಾಗಿ ಫೈಲಿನ ಹೆಸರು ಚುಕ್ಕೆಗೆ ಮೊದಲು ಎಂಟು ಅಕ್ಷರ ಮೀರಬಾರದು. ಅತ್ತೆ, ಓದಲೆಂದು ಕಾರ್ಡನ್ನು ಹೊರಗೆ ಎಳೆಯುವ ಮೊದಲು ದಯವಿಟ್ಟು ಅಡಾಪ್ಟರಿನ ಸ್ವಿಚ್ ಆರಿಸಿ.